ಕೂಸು ಹೇಳದು, ನಾವೇ ನೋಡಬೇಕು: ಎಳೆಯ ಮಕ್ಕಳ ಕಣ್ಣಿನ ತಪಾಸಣೆ



ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದು ಆರು ವರ್ಷವಾಯಿತು. ಅದಕ್ಕೂ ಮೊದಲು ಮುಂಬಯಿಯ ಆಸ್ಪತ್ರೆಯೊಂದರಲ್ಲಿ 31 ವರ್ಷ ನರ್ಸ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಹೆರಿಗೆ ವಾರ್ಡು ಮತ್ತು ನವಜಾತ ಶಿಶುಗಳ ವಿಭಾಗದಲ್ಲಿ. ನಮ್ಮ ಸಮಿತಿಗೆ ಬರುವ ಅರ್ಜಿಗಳು ಹೃದಯದ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ, ಕ್ಯಾನ್ಸರ್ ಚಿಕಿತ್ಸೆಗೆ. ಮಗುವಿನ ಕಣ್ಣು ತೋರಿಸಬೇಕು, ನೆರವು ಕೊಡಿ ಎಂಬ ಅರ್ಜಿ ಬಹಳ ಅಪರೂಪ. ಬಂದರೂ ಸಾಮಾನ್ಯವಾಗಿ ಹೊತ್ತು ಮೀರಿ ಬಂದಿರುತ್ತದೆ.

ಈ ಸಂಚಿಕೆಗೆ ಮಕ್ಕಳ ಕಣ್ಣಿನ ಬಗ್ಗೆ ಒಂದು ಪಾಠದಂತೆ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಬರೆಯುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನನ್ನ ಮೊಮ್ಮಗನಿಗೆ ಎರಡೂವರೆ ವರ್ಷವಾಗಿದ್ದಾಗ ಒಂದು ಸಂಜೆ ಮಗಳು ಹೇಳಿದಳು: "ಅಮ್ಮಾ, ಇವನ ಎಡಗಣ್ಣು ಸ್ವಲ್ಪ ಒಳಗೆ ಹೋದ ಹಾಗೆ ಕಾಣ್ತದೆ, ಅಲ್ವಾ?" ನಾನು ನೋಡಿದೆ. ಆಗ ಕಣ್ಣು ನೇರವಾಗಿಯೇ ಇತ್ತು. "ನಿದ್ದೆ ಸಾಕಾಗಲಿಲ್ಲ ಅವನಿಗೆ. ದೊಡ್ಡವನಾಗುವಾಗ ಎಲ್ಲ ಸರಿಯಾಗ್ತದೆ ಮಗಾ" ಎಂದೆ. ಅಷ್ಟು ವರ್ಷ ಆಸ್ಪತ್ರೆಯಲ್ಲಿ ದುಡಿದ ತಾಯಿ ಹೇಳಿದ ಮೇಲೆ ಮಗಳು ಮತ್ತೆ ಕೇಳಲಿಲ್ಲ. ಅವನಿಗೆ ಏಳು ತುಂಬಿದಾಗ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಬಲಗಣ್ಣನ್ನು ಮುಚ್ಚಿದಾಗ ಹುಡುಗ ಫಲಕದ ಮೇಲಿನ ದೊಡ್ಡ ಅಕ್ಷರ ಒಂದನ್ನು ಬಿಟ್ಟು ಬೇರೇನನ್ನೂ ಓದಲಿಲ್ಲ. ಇಷ್ಟು ವರ್ಷ ಅವನು ಒಂದೇ ಕಣ್ಣಿನಿಂದ ಓದುತ್ತಿದ್ದ, ಆಡುತ್ತಿದ್ದ, ಮೆಟ್ಟಿಲು ಇಳಿಯುತ್ತಿದ್ದ. ನಮಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ಅವನು ತಿಳಿದಿದ್ದ.

ಈ ಪಾಠದ ತಿರುಳು ಇಷ್ಟೇ. ದೊಡ್ಡವರಿಗೆ ದೃಷ್ಟಿ ಮಂಜಾದರೆ ಹೇಳುತ್ತಾರೆ. ಮಗುವಿಗೆ ಹೋಲಿಸಿ ನೋಡಲು ಹಿಂದಿನ ಒಳ್ಳೆಯ ದೃಷ್ಟಿಯ ನೆನಪೇ ಇರುವುದಿಲ್ಲ. ಆದ್ದರಿಂದ ತೊಂದರೆ ಕಾಣಿಸಿದ ಮೇಲೆ ತೋರಿಸೋಣ ಎಂಬ ನಮ್ಮ ರೂಢಿ ಮಕ್ಕಳ ಕಣ್ಣಿನ ವಿಷಯದಲ್ಲಿ ನಡೆಯದು.

ಕಣ್ಣು ನೋಡುವುದನ್ನು ಕಲಿಯಬೇಕು

ಹುಟ್ಟಿದ ಕೂಸಿಗೆ ಕಣ್ಣು ಇರುತ್ತದೆ, ಆದರೆ ನೋಟ ಇನ್ನೂ ಪಕ್ವವಾಗಿರುವುದಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಂದರೆ 20ರಿಂದ 30 ಸೆಂಟಿಮೀಟರ್ ದೂರದ ವಸ್ತು ಮಾತ್ರ ಅದಕ್ಕೆ ಸುಮಾರಾಗಿ ಕಾಣುತ್ತದೆ. ಹಾಲು ಕುಡಿಯುವಾಗ ತಾಯಿಯ ಮುಖ ಇರುವುದು ಅಷ್ಟೇ ದೂರದಲ್ಲಿ. ಅಲ್ಲಿಂದ ಮುಂದೆ ಎರಡೂ ಕಣ್ಣುಗಳಿಂದ ಸ್ಪಷ್ಟ ಚಿತ್ರ ಮಿದುಳಿಗೆ ತಲುಪುತ್ತಾ ಹೋದಂತೆ, ಆ ಚಿತ್ರವನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಭಾಗ ಬೆಳೆಯುತ್ತದೆ. ಒಂದು ಕಣ್ಣಿನಿಂದ ಬರುವ ಚಿತ್ರ ಮಸುಕಾಗಿದ್ದರೆ ಅಥವಾ ಬರದೇ ಹೋದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಇದನ್ನೇ ವೈದ್ಯರು ಆಂಬ್ಲಿಯೋಪಿಯಾ ಎನ್ನುತ್ತಾರೆ, ಜನ ಸೋಮಾರಿ ಕಣ್ಣು ಎನ್ನುತ್ತಾರೆ. ನಿಜವಾಗಿ ಕಣ್ಣು ಸೋಮಾರಿಯಲ್ಲ, ಅದಕ್ಕೆ ಕಲಿಯಲು ಅವಕಾಶ ಸಿಕ್ಕಿರುವುದಿಲ್ಲ.

ಇದನ್ನು ತೋರಿಸಿಕೊಟ್ಟವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು. 1960ರ ದಶಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ತಿಂಗಳು ಮುಚ್ಚಿಟ್ಟು ಆಮೇಲೆ ತೆರೆದು ನೋಡಿದರು. ಕಣ್ಣು ಆರೋಗ್ಯವಾಗಿಯೇ ಇತ್ತು, ಆದರೆ ಮಿದುಳು ಅದರ ಸಂದೇಶಕ್ಕೆ ಓಗೊಡಲಿಲ್ಲ. ದೊಡ್ಡ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿದಾಗ ಈ ಹಾನಿ ಆಗಲಿಲ್ಲ. ಕಲಿಕೆಗೆ ಒಂದು ಕಾಲವಿದೆ, ಅದು ದಾಟಿದರೆ ಬಾಗಿಲು ಮುಚ್ಚುತ್ತಾ ಬರುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮುದುಕರ ಕಣ್ಣಿನ ಪೊರೆಯನ್ನು ಆರು ತಿಂಗಳು ತಡವಾಗಿ ತೆಗೆದರೂ ದೃಷ್ಟಿ ಮರಳುತ್ತದೆ. ಕೂಸಿನ ಪೊರೆಯನ್ನು ಆರು ತಿಂಗಳು ತಡವಾಗಿ ತೆಗೆದರೆ ಕಳೆದುಹೋದ ಕಾಲ ಪೂರ್ತಿ ಮರಳುವುದಿಲ್ಲ.

ಹುಟ್ಟಿದ ವಾರದಲ್ಲೇ: ಕೆಂಪು ಹೊಳಪು

ಮೊದಲ ಪರೀಕ್ಷೆ ಅತ್ಯಂತ ಸರಳ. ಕೋಣೆಯ ಬೆಳಕು ತಗ್ಗಿಸಿ, ಆಫ್ತಾಲ್ಮೋಸ್ಕೋಪ್ ಎಂಬ ಕೈದೀಪದಿಂದ ವೈದ್ಯರು ಮಗುವಿನ ಎರಡೂ ಪಾಪೆಗಳನ್ನು ನೋಡುತ್ತಾರೆ. ಬೆಳಕು ಕಣ್ಣಿನ ಹಿಂಭಾಗಕ್ಕೆ ತಲುಪಿ ಮರಳಿದರೆ ಪಾಪೆಯಲ್ಲಿ ಕೆಂಪು ಅಥವಾ ಕಿತ್ತಳೆ ಹೊಳಪು ಕಾಣುತ್ತದೆ. ಎರಡು ಕಣ್ಣಿನಲ್ಲೂ ಒಂದೇ ಸಮ ಇರಬೇಕು. ಹೊಳಪು ಇಲ್ಲದಿದ್ದರೆ, ಕಪ್ಪು ಕಲೆ ಇದ್ದರೆ, ಬಿಳಿಯಾಗಿದ್ದರೆ, ಒಂದರಲ್ಲಿ ಹೆಚ್ಚು ಒಂದರಲ್ಲಿ ಕಡಿಮೆ ಇದ್ದರೆ, ಕಣ್ಣಿನ ತಜ್ಞರಿಗೆ ತೋರಿಸಬೇಕು. ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ಆಸ್ಪತ್ರೆಯಿಂದ ಹೊರಡುವ ಮೊದಲು "ಮಗುವಿನ ಕೆಂಪು ಹೊಳಪು ನೋಡಿದ್ದೀರಾ?" ಎಂದು ಕೇಳುವುದು ನಮ್ಮ ಹಕ್ಕು. ಮುಂದೆ ಲಸಿಕೆಗೆ ಹೋದಾಗಲೂ ಮಕ್ಕಳ ವೈದ್ಯರನ್ನು ಕೇಳಬಹುದು.

ಬಿಳಿ ಪಾಪೆಗೆ ಮುಖ್ಯವಾಗಿ ಎರಡು ಕಾರಣಗಳನ್ನು ನೆನಪಿಡಿ. ಒಂದು, ಹುಟ್ಟಿನಿಂದಲೇ ಬಂದ ಪೊರೆ. ಒಂದೇ ಕಣ್ಣಿಗೆ ದಟ್ಟ ಪೊರೆಯಿದ್ದರೆ ಸುಮಾರು ಆರು ವಾರದೊಳಗೆ, ಎರಡೂ ಕಣ್ಣಿಗಿದ್ದರೆ ಎಂಟು ವಾರದ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆ ಆದರೆ ಫಲ ಚೆನ್ನಾಗಿರುತ್ತದೆ. ಗರ್ಭಿಣಿಗೆ ರುಬೆಲ್ಲಾ ತಗಲುವುದು ಇದರ ಒಂದು ಕಾರಣ. ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸುವುದು ಮುಂದಿನ ಪೀಳಿಗೆಯ ಕಣ್ಣಿಗೂ ರಕ್ಷೆ. ಎರಡನೆಯದು ರೆಟಿನೋಬ್ಲಾಸ್ಟೋಮಾ, ಅಂದರೆ ಎಳೆಯ ಮಕ್ಕಳ ಕಣ್ಣಿನೊಳಗಿನ ಕ್ಯಾನ್ಸರ್. ಇದು ಹೆಚ್ಚಾಗಿ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಎಷ್ಟೋ ಸಲ ಇದನ್ನು ಮೊದಲು ಕಂಡುಹಿಡಿಯುವುದು ಮನೆಯವರೇ. ಹುಟ್ಟುಹಬ್ಬದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಕಾಣುತ್ತದೆ. ಫೋಟೋ ತೆಗೆದ ಕೋನದಿಂದಲೂ ಕೆಲವೊಮ್ಮೆ ಹಾಗೆ ಕಾಣುವುದುಂಟು. ಆದರೆ ಅದನ್ನು ತೀರ್ಮಾನಿಸುವವರು ನಾವಲ್ಲ, ಕಣ್ಣಿನ ವೈದ್ಯರು. ಬೇಗ ಸಿಕ್ಕಿದರೆ ಜೀವ ಉಳಿಯುತ್ತದೆ, ಅನೇಕ ವೇಳೆ ಕಣ್ಣೂ ಉಳಿಯುತ್ತದೆ. ಆ ಮಗುವಿನ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು.

ದಿನ ತುಂಬದೆ ಹುಟ್ಟಿದ ಮಕ್ಕಳು: 30ನೆಯ ದಿನ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಗರ್ಭದಲ್ಲಿರುವಾಗ ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾದ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಹಬ್ಬುತ್ತಾ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಬೇಗ ಹುಟ್ಟಿದ ಕೂಸಿನಲ್ಲಿ ಅವು ಅರ್ಧದಾರಿಯಲ್ಲಿರುತ್ತವೆ. ಜೀವ ಉಳಿಸಲು ಕೊಡುವ ಆಮ್ಲಜನಕ, ಸೋಂಕು, ತೂಕ ಏರದಿರುವುದು ಇವೆಲ್ಲ ಸೇರಿ ಆ ನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಹಾಗೆ ಬೆಳೆದವು ರೆಟಿನಾವನ್ನು ಎಳೆದು ಕಿತ್ತುಬಿಡಬಹುದು. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಚಿಕ್ಕದಾಗಿ ಆರ್‌ಒಪಿ, ಎನ್ನುತ್ತಾರೆ. ಹೊರಗಿನಿಂದ ಕಣ್ಣು ಪೂರ್ತಿ ಚೆನ್ನಾಗಿಯೇ ಕಾಣುತ್ತದೆ. ತಾಯಿಗಾಗಲಿ ಅಜ್ಜಿಗಾಗಲಿ ಏನೂ ತಿಳಿಯುವುದಿಲ್ಲ.

ನಮ್ಮ ದೇಶದ ನಿಯಮ ಹೀಗಿದೆ: 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಮೊದಲ ಆರ್‌ಒಪಿ ಪರೀಕ್ಷೆ ಆಗಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು-ಮೂರು ವಾರದಲ್ಲೇ ಆಗಬೇಕು. 34ರಿಂದ 36 ವಾರದ ಮಗು ಕೂಡ ಕಾಯಿಲೆ ಬಿದ್ದು ಐಸಿಯುನಲ್ಲಿ ಇದ್ದಿದ್ದರೆ ಪರೀಕ್ಷೆ ಬೇಕು. ಒಂದೇ ಸಲ ನೋಡಿದರೆ ಸಾಲದು. ನಾಳಗಳು ಅಂಚು ಮುಟ್ಟುವವರೆಗೆ ವೈದ್ಯರು ಹೇಳಿದ ದಿನಕ್ಕೆ ಮತ್ತೆ ಮತ್ತೆ ಹೋಗಬೇಕು. ಚಿಕಿತ್ಸೆ ಬೇಕೆಂದರೆ ಲೇಸರ್ ಅಥವಾ ಇಂಜೆಕ್ಷನ್, ಅದೂ ಎರಡು-ಮೂರು ದಿನದೊಳಗೆ. ಮುಂದಿನ ವಾರ ಬರುತ್ತೇವೆ ಎನ್ನುವ ಹಾಗಿಲ್ಲ.

ನನ್ನ ಕೆಲಸದ ದಿನಗಳ ಒಂದು ಸಂಗತಿ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಯಾದಗಿರಿ ಕಡೆಯ ಒಬ್ಬ ತಾಯಿ, ನವಿ ಮುಂಬಯಿಯಲ್ಲಿ ಕಟ್ಟಡದ ಕೆಲಸ. 31 ವಾರಕ್ಕೆ ಹೆರಿಗೆಯಾಗಿ ಹೆಣ್ಣುಕೂಸು 1,350 ಗ್ರಾಂ ಇತ್ತು. ವಾರ್ಡಿನ ನಾವೆಲ್ಲ ಸೇರಿ ಅದನ್ನು ಉಳಿಸಿಕೊಂಡೆವು. ಡಿಸ್ಚಾರ್ಜ್ ಆದ ದಿನ ನನಗೆ ರಾತ್ರಿ ಪಾಳಿ, ನಾನು ಇರಲಿಲ್ಲ. ಆಕೆಗೆ ಹಿಂದಿಯಲ್ಲಿ ಹೇಳಿದರು, ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದರು. ಆಕೆ ತಲೆಯಾಡಿಸಿ ಕೂಸನ್ನು ಎತ್ತಿಕೊಂಡು ಊರಿನ ರೈಲು ಹತ್ತಿದಳು. ಐದು ತಿಂಗಳಾದ ಮೇಲೆ ತಿರುಗಿ ಬಂದು, ನನ್ನನ್ನು ಹುಡುಕಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದಳು: "ಅಕ್ಕಾರ, ಕೂಸು ನನ್ನ ಮಾರಿ ನೋಡವಲ್ದ್ರೀ." ಕೂಸಿನ ಎರಡೂ ಪಾಪೆಗಳಲ್ಲಿ ಬಿಳುಪು ಕಾಣುತ್ತಿತ್ತು. ರೆಟಿನಾ ಪೂರ್ತಿ ಕಳಚಿತ್ತು.

ಆಕೆ ಡಿಸ್ಚಾರ್ಜ್ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಡಿಕೆ ಕೂಡ ಹರಿಯದಂತೆ ಕಾಪಾಡಿದ್ದಳು. ಕಣ್ಣಿನ ಪರೀಕ್ಷೆಗೆ ಬರಬೇಕಾದ ತಾರೀಖು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆಕೆಗೆ ಕನ್ನಡ ಓದಲು ಬರುತ್ತಿತ್ತು. ಆ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ, ಅಥವಾ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ, ಆಕೆ ರೈಲು ಹತ್ತುತ್ತಿರಲಿಲ್ಲ. ಆ ಹುಡುಗಿ ಈಗ ಅಂಧ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾಳೆ. ಬಹಳ ಜಾಣೆ, ಬ್ರೈಲ್ ಮೇಲೆ ಬೆರಳು ಓಡುವುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೂ ಆ ಕಾಗದದ ನೆನಪಾದಾಗ ನನಗೆ ಊಟ ಸೇರುವುದಿಲ್ಲ.

ಹೊರನಾಡಿನ ನಮ್ಮವರಲ್ಲಿ ಇನ್ನೊಂದು ರೂಢಿ ಇದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ, ಬಾಣಂತನ ಮುಗಿಸಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಮರಳುತ್ತಾಳೆ. ಕಣ್ಣಿನ ಪರೀಕ್ಷೆಯ ದಿನಗಳು ಈ ನಡುವೆಯೇ ಕಳೆದುಹೋಗುತ್ತವೆ. ತವರಿನಲ್ಲೇ ಮಾಡಿಸಿ. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ರೆಟಿನಾದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಆ ಚಿತ್ರ ನೋಡಿ ಚಿಕಿತ್ಸೆ ಬೇಕೇ ಎಂದು ತಿಳಿಸುತ್ತಾರೆ. ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಒಪಿ ತಪಾಸಣೆ ಯಾವ ದಿನ ಎಂದು ವಿಚಾರಿಸಿದರೆ ಸಾಕು.

ಮನೆಯಲ್ಲಿ ನಾವು ನೋಡಬೇಕಾದದ್ದು

ಆರು ವಾರ: ಕೂಸು ತಾಯಿಯ ಮುಖ ದಿಟ್ಟಿಸಿ ನಗಲು ತೊಡಗಬೇಕು.

ಮೂರು ತಿಂಗಳು: ಸದ್ದು ಮಾಡದ ಬಣ್ಣದ ಆಟಿಕೆಯನ್ನು ಮುಖದ ಮುಂದೆ ನಿಧಾನವಾಗಿ ಸರಿಸಿದರೆ ಕಣ್ಣು ಅದನ್ನು ಹಿಂಬಾಲಿಸಬೇಕು. ಗಿಲಕಿ ಬೇಡ, ಅದರ ಸದ್ದಿಗೇ ಮಗು ತಿರುಗಿಬಿಡುತ್ತದೆ.

ನಾಲ್ಕು ತಿಂಗಳು: ಎರಡೂ ಕಣ್ಣು ಒಂದೇ ದಿಕ್ಕಿಗೆ ನೋಡಬೇಕು. ಅದಕ್ಕೂ ಮೊದಲು ಆಗೊಮ್ಮೆ ಈಗೊಮ್ಮೆ ಕಣ್ಣು ಸರಿದರೆ ಗಾಬರಿ ಬೇಡ. ಸದಾ ಓರೆಯಾಗಿಯೇ ಇದ್ದರೆ ಯಾವ ವಯಸ್ಸಿನಲ್ಲೂ ತೋರಿಸಬೇಕು.

ಆರು ತಿಂಗಳು: ಕಂಡದ್ದಕ್ಕೆ ಕೈಚಾಚಬೇಕು.

ಒಂದು ವರ್ಷ: ನೆಲದ ಮೇಲೆ ಬಿದ್ದ ಮಂಡಕ್ಕಿ ಕಾಳನ್ನು ಬೆರಳಲ್ಲಿ ಹೆಕ್ಕಬೇಕು.

ಇನ್ನೊಂದು ಸುಲಭ ಉಪಾಯವಿದೆ. ಮಗು ಆಟದಲ್ಲಿ ಮುಳುಗಿರುವಾಗ ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಪ್ರತಿ ಸಲವೂ ಅತ್ತು ಕೈ ತಳ್ಳಿದರೆ, ನಾವು ಮುಚ್ಚಿದ್ದು ಕಾಣುವ ಕಣ್ಣನ್ನು ಎಂದು ತಿಳಿಯಬಹುದು.

ತಡಮಾಡದೆ ಓಡಬೇಕಾದ ಲಕ್ಷಣಗಳು: ಪಾಪೆಯಲ್ಲಿ ಬಿಳುಪು, ಕಣ್ಣುಗುಡ್ಡೆ ಸದಾ ಅಲುಗುವುದು, ಮಗು ಮುಷ್ಟಿಯಿಂದ ಕಣ್ಣನ್ನು ಒತ್ತುತ್ತಲೇ ಇರುವುದು, ಹುಟ್ಟಿದ ಮೊದಲ ವಾರಗಳಲ್ಲಿ ಕಣ್ಣಿನಿಂದ ಕೀವು ಬರುವುದು. ಬರೀ ನೀರು ಸೋರುವುದು ಹೆಚ್ಚಾಗಿ ಕಣ್ಣೀರಿನ ನಾಳ ಕಟ್ಟಿದ್ದರಿಂದ. ವೈದ್ಯರು ತೋರಿಸಿಕೊಟ್ಟಂತೆ ತೀಡಿದರೆ ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ಸರಿಹೋಗುತ್ತದೆ. ಆದರೆ ನೀರು ಸೋರುವುದರ ಜೊತೆ ಬೆಳಕಿಗೆ ಮುಖ ತಿರುಗಿಸುವುದು, ಕಣ್ಣು ಅತಿ ದೊಡ್ಡದಾಗಿ ಮಸುಕಾಗಿ ಕಾಣುವುದು ಇದ್ದರೆ ಅದು ಹುಟ್ಟಿನಿಂದ ಬಂದ ಗ್ಲಾಕೋಮಾ ಇರಬಹುದು. "ಎಷ್ಟು ದೊಡ್ಡ ಚಂದದ ಕಣ್ಣು!" ಎಂದು ದೃಷ್ಟಿ ತೆಗೆಯುವ ಮೊದಲು ವೈದ್ಯರಿಗೆ ತೋರಿಸಿ.

ಮೂರರಿಂದ ಐದು ವರ್ಷದೊಳಗೆ ಒಮ್ಮೆಯಾದರೂ

ಅಕ್ಷರ ಬಾರದ ಮಗುವಿನ ಕಣ್ಣು ಪರೀಕ್ಷಿಸುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಫಿನ್‌ಲ್ಯಾಂಡಿನ ಕಣ್ಣಿನ ವೈದ್ಯೆ ಲಿಯಾ ಹ್ಯೂವರಿನೆನ್ ಇದಕ್ಕಾಗಿ ಮನೆ, ಸೇಬು, ವೃತ್ತ, ಚೌಕ ಎಂಬ ನಾಲ್ಕು ಚಿತ್ರಗಳ ಫಲಕ ರೂಪಿಸಿದರು. ಮಗು ಬಾಯಲ್ಲಿ ಹೇಳಬೇಕಿಲ್ಲ, ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರ ಮುಟ್ಟಿ ತೋರಿಸಿದರೆ ಸಾಕು. ಒಂದೊಂದೇ ಕಣ್ಣನ್ನು ಪೂರ್ತಿ ಮುಚ್ಚಿ ನೋಡುವುದು ಮುಖ್ಯ. ಬೆರಳ ಸಂದಿಯಿಂದ ಇಣುಕುವುದರಲ್ಲಿ ಮಕ್ಕಳು ನಿಸ್ಸೀಮರು. ಇನ್ನೂ ಚಿಕ್ಕ ಮಕ್ಕಳಿಗೆ, ಆರು ತಿಂಗಳಿನಿಂದಲೇ, ಫೋಟೋಸ್ಕ್ರೀನರ್ ಎಂಬ ಕ್ಯಾಮೆರಾದಂಥ ಉಪಕರಣವಿದೆ. ಸುಮಾರು ಒಂದು ಮೀಟರ್ ದೂರದಿಂದ ಕೆಲವೇ ಕ್ಷಣದಲ್ಲಿ ಎರಡು ಕಣ್ಣಿನ ನಂಬರಿನ ವ್ಯತ್ಯಾಸ ಮತ್ತು ಓರೆಯ ಸುಳಿವು ಕೊಡುತ್ತದೆ. ಅದು ಸುಳಿವು ಮಾತ್ರ. ಕನ್ನಡಕದ ನಂಬರ್ ಕೊಡುವುದು ಔಷಧಿ ಹಾಕಿ ಪಾಪೆ ಅಗಲಿಸಿ ನೋಡಿದ ಮೇಲೆಯೇ.

ನನ್ನ ಮೊಮ್ಮಗನಿಗೆ ಇದ್ದದ್ದು ಪ್ಲಸ್ ನಂಬರ್. ಎರಡೂವರೆ ವರ್ಷದಲ್ಲೇ ಕನ್ನಡಕ ಹಾಕಿದ್ದರೆ ಕಣ್ಣು ಬಹುಶಃ ನೇರವಾಗಿಯೇ ನಿಲ್ಲುತ್ತಿತ್ತು. ಏಳರಲ್ಲಿ ಕನ್ನಡಕದ ಜೊತೆ ಒಳ್ಳೆಯ ಕಣ್ಣಿಗೆ ದಿನವೂ ಪಟ್ಟಿ ಹಾಕಬೇಕಾಯಿತು. ಕಾಣುವ ಕಣ್ಣನ್ನು ಮುಚ್ಚಿದರೆ ಮಿದುಳು ಬಿಟ್ಟ ಕಣ್ಣನ್ನು ಬಳಸಲೇಬೇಕು, ಚಿಕಿತ್ಸೆಯ ಗುಟ್ಟು ಅದು. ಮಧ್ಯಮ ಪ್ರಮಾಣದ ತೊಂದರೆಗೆ ದಿನಕ್ಕೆ ಎರಡು ಗಂಟೆಯ ಪಟ್ಟಿಯೂ ಸಾಕಾಗುತ್ತದೆ, ಹೆಚ್ಚಿನದಕ್ಕೆ ಇನ್ನಷ್ಟು ಹೊತ್ತು ಬೇಕು. ಮೂರು ವರ್ಷದ ಮಗು ಇದನ್ನು ಆಟವೆಂದು ಒಪ್ಪಿಕೊಳ್ಳಬಹುದು. ಏಳು ವರ್ಷದವನಿಗೆ ಗೆಳೆಯರ ಮುಂದೆ ನಾಚಿಕೆ. ಒಂದು ದಿನ ಪಟ್ಟಿ ಕಿತ್ತೆಸೆದು, "ಅಜ್ಜಿ, ನೀವು ಆಗ ಯಾಕೆ ಹೇಳಲಿಲ್ಲ?" ಎಂದು ಕೇಳಿದ. ಉತ್ತರ ನನ್ನಲ್ಲಿ ಇರಲಿಲ್ಲ. ಎರಡು ವರ್ಷದ ಶ್ರಮದಿಂದ ಆ ಕಣ್ಣು ಸಾಕಷ್ಟು ಸುಧಾರಿಸಿದೆ, ಬಲಗಣ್ಣಿಗೆ ಸಮವಾಗಿಲ್ಲ. ಏಳು ದಾಟಿದ ಮೇಲೂ ಚಿಕಿತ್ಸೆ ವ್ಯರ್ಥವಲ್ಲ ಎಂಬುದನ್ನೂ ಹೇಳಬೇಕು. ಆದರೆ ಬೇಗ ಮಾಡಿದಷ್ಟು ಫಲ ಸಿಗದು.

ಬಿಡಬೇಕಾದ ಮಾತುಗಳು

"ಮೆಳ್ಳೆಗಣ್ಣು ಅದೃಷ್ಟ." ಅಲ್ಲ, ಅದು ಚಿಕಿತ್ಸೆ ಬೇಕಾದ ಲಕ್ಷಣ. "ಇಷ್ಟು ಚಿಕ್ಕ ಮಗುವಿಗೆ ಕನ್ನಡಕವೇ?" ಬೇಕಿದ್ದರೆ ತಿಂಗಳ ಕೂಸಿಗೂ ಹಾಕುತ್ತಾರೆ. "ಕನ್ನಡಕ ಹಾಕಿದರೆ ಹುಡುಗಿಗೆ ಸಂಬಂಧ ಬರುವುದಿಲ್ಲ." ಕನ್ನಡಕ ಹಾಕದೆ ಒಂದು ಕಣ್ಣು ಕಳೆದುಕೊಂಡರೆ ಅವಳ ಬದುಕಿಗೆ ಆಗುವ ನಷ್ಟ ದೊಡ್ಡದು. ಕಣ್ಣಿಗೆ ಹರಳೆಣ್ಣೆ, ಎದೆಹಾಲು, ಕಾಡಿಗೆ ಹಾಕುವುದು ಬೇಡ. ಸೋಂಕು ತಗಲಬಹುದು, ಕೆಲವು ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ. ಬೊಟ್ಟು ಇಡಲೇಬೇಕೆಂದರೆ ಪಾದಕ್ಕೆ ಇಡಿ. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಕೊಡುವ ವಿಟಮಿನ್ ಎ ಒಂಬತ್ತು ಡೋಸುಗಳನ್ನು ಮಾತ್ರ ತಪ್ಪಿಸಬೇಡಿ.

ನೆರವು ಎಲ್ಲಿದೆ, ಎಲ್ಲಿ ಇಲ್ಲ

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರವರಿಯಲ್ಲಿ ಆರಂಭವಾದದ್ದು ನಮ್ಮ ಪಕ್ಕದ ಪಾಲ್ಘರ್‌ನಲ್ಲೇ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅದರಲ್ಲಿ ಉಚಿತ. ಹುಟ್ಟಿನ ಪೊರೆ ಮತ್ತು ಆರ್‌ಒಪಿ ಅದರ ಪಟ್ಟಿಯಲ್ಲಿವೆ. ಮಗುವನ್ನು ಅಂಗನವಾಡಿಗೆ ಸೇರಿಸಿದರೆ ತಂಡ ಬಂದಾಗ ತಪಾಸಣೆ ಸಿಗುತ್ತದೆ. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂಬ ನಿಯಮವಿದೆ. ರೇಷನ್ ಕಾರ್ಡ್, ಆದಾಯದ ದಾಖಲೆ ಹಿಡಿದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣಬೇಕು.

ಅಂದರೆ ಪರೀಕ್ಷೆಗೂ ಚಿಕಿತ್ಸೆಗೂ ಬಹುಪಾಲು ದಾರಿ ಇದೆ. ಇಲ್ಲದಿರುವುದು ಅದಕ್ಕೂ ಮುಂಚಿನ ಸಣ್ಣ ಸಂಗತಿಗಳು. ಕೂಲಿಯವಳಿಗೆ ಆಸ್ಪತ್ರೆಗೆ ಹೋದ ದಿನದ ಸಂಬಳವಿಲ್ಲ. ಆರ್‌ಒಪಿಗೆ ನಾಲ್ಕೈದು ಸಲ ಹೋಗಬೇಕಾಗುತ್ತದೆ. ಮಗುವಿನ ಕನ್ನಡಕ ಒಡೆದರೆ ಎರಡನೆಯದಕ್ಕೆ ಹಣವಿಲ್ಲ, ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಎಲ್ಲಕ್ಕಿಂತ ಮೊದಲು, ತಾರೀಖನ್ನು ಅವಳ ಭಾಷೆಯಲ್ಲಿ ಹೇಳುವವರಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಬೇಡಿಕೆ ಇಟ್ಟಿದ್ದೇನೆ. ವೈದ್ಯಕೀಯ ನಿಧಿಯಲ್ಲಿ ಮಕ್ಕಳ ಕಣ್ಣಿಗೆಂದು ಒಂದು ಭಾಗ ತೆಗೆದಿಟ್ಟು, ಪ್ರಯಾಣ ಮತ್ತು ತಪ್ಪಿದ ಕೂಲಿಗೆ ಅರ್ಜಿಯ ದೀರ್ಘ ಕ್ರಮವಿಲ್ಲದೆ ಅಂದೇ ನೆರವು ಕೊಡಬೇಕು. ಪಟ್ಟಿ ಮತ್ತು ಎರಡನೆಯ ಕನ್ನಡಕದ ವೆಚ್ಚ ಭರಿಸಬೇಕು. ಕನ್ನಡದಲ್ಲಿ ಒಂದು ಪುಟದ ಸೂಚನೆ ಅಚ್ಚು ಹಾಕಿಸಿ ನಮ್ಮವರು ಹೆಚ್ಚಾಗಿ ಹೋಗುವ ಹೆರಿಗೆ ಆಸ್ಪತ್ರೆಗಳಿಗೆ ತಲುಪಿಸಬೇಕು.

ದೇಣಿಗೆ ಕಳುಹಿಸುವಾಗ 'ಮಕ್ಕಳ ಕಣ್ಣು' ಎಂದು ಬರೆದರೆ ಆ ಹಣ ಇದಕ್ಕೇ ಸಲ್ಲುತ್ತದೆ. ಹಣ ಕೊಡಲಾಗದವರು ಸಮಯ ಕೊಡಿ. ದಿನ ತುಂಬದೆ ಹೆತ್ತ ತಾಯಿಗೆ ಇಪ್ಪತ್ತೈದನೆಯ ದಿನ ಫೋನ್ ಮಾಡಿ, "ತಂಗಿ, ಕೂಸಿನ ಕಣ್ಣು ತೋರಿಸುವ ದಿನ ಬಂತು, ಊರಿಗೆ ಹೋಗುವುದಿದ್ದರೆ ತೋರಿಸಿದ ಮೇಲೆ ಹೋಗು" ಎಂದು ಕನ್ನಡದಲ್ಲಿ ಹೇಳುವ ಸ್ವಯಂಸೇವಕರು ಬೇಕು. ಮೊದಲ ಹೆಸರು ನನ್ನದು ಬರೆದುಕೊಂಡಿದ್ದೇನೆ. ಮುಂದಿನ ಹೆಸರುಗಳಿಗಾಗಿ ಸಂಘದ ಕಚೇರಿಯಲ್ಲಿ ಪುಸ್ತಕ ತೆರೆದಿಟ್ಟಿದೆ.